‘ವರ್ಸ್ಟ್’ ಮೊದಲು, ‘ಬೆಸ್ಟ್’ ಆಮೇಲೆ ಯಾಕೆ?

ಸಂಜೆ ಇಂಗ್ಲಿಷ್ ತರಗತಿಗಳ ನಿರ್ದೇಶಕರಿಗೆ

ಮಾನ್ಯರೇ,

ನಿಮ್ಮ ಹೋಲಿಕೆಯ ಪಾಠದ ದೆಸೆಯಿಂದ ನಮ್ಮ ಹೊಲಿಗೆ ಅಂಗಡಿಯ ನಟ್ಟನಡುವೆ ಪರದೆ ಬಿದ್ದಿದೆ. ಎಡಗಡೆ ನಾನು ಬಟ್ಟೆ ಕತ್ತರಿಸುತ್ತೇನೆ, ಬಲಗಡೆ ನಿಮ್ಮ ವಿದ್ಯಾರ್ಥಿನಿಯಾದ ನನ್ನ ತಂಗಿ ಹೊಲಿಯುತ್ತಾಳೆ. ಕತ್ತರಿಸಿದ್ದನ್ನು ನಾನು ಪರದೆಯಡಿಯಿಂದ ತಳ್ಳಿದರೆ ಅವಳು ಕಾಲಿನಿಂದ ಎಳೆದುಕೊಳ್ಳುತ್ತಾಳೆ. ನಮ್ಮಿಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ. ಮೊನ್ನೆ ವಕೀಲರೊಬ್ಬರು ಹೊಸ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತು, “ಏನಮ್ಮಾ ಇದು, ಒಂದು ತೋಳು ಮಣಿಕಟ್ಟಿಗೆ, ಇನ್ನೊಂದು ಬೆರಳ ತುದಿಗೆ?” ಎಂದರು. ಪರದೆಯಾಚೆಯಿಂದ ತಂಗಿಯ ಉತ್ತರ ಬಂತು: “ಲಾಂಗ್, ಲಾಂಗರ್ ಸಾರ್. ಮೂರನೇ ಕೈ ಇದ್ದಿದ್ರೆ ಲಾಂಗೆಸ್ಟೂ ಆಗ್ತಿತ್ತು.” ನೀವು ಕಲಿಸಿದ್ದು ವ್ಯರ್ಥವಾಗಿಲ್ಲ. ಅಭಿನಂದನೆಗಳು.

ಪಾಠದ ಬಗ್ಗೆ ನನ್ನ ತಕರಾರಿಲ್ಲ. ಚಿಕ್ಕ ಪದಕ್ಕೆ ಹಿಂದೆ ಅರ್, ಎಸ್ಟ್ ಎಂಬ ಬಾಲ ಹೊಲಿಯಬೇಕು, ಉದ್ದ ಪದಕ್ಕೆ ಮುಂದೆ ಮೋರ್, ಮೋಸ್ಟ್ ಎಂಬ ಜೇಬು ಇಡಬೇಕು. ಗುಡ್, ಬ್ಯಾಡ್ ಎಂಬೆರಡು ಮಾತ್ರ ಯಾರ ಅಳತೆಗೂ ಬಗ್ಗದೆ ಬೇರೆ ಬಟ್ಟೆ ತೊಟ್ಟು ಬರುತ್ತವೆ. ತಂಗಿ ಮಷಿನ್ ತುಳಿಯುತ್ತ ಬಾಯಿಪಾಠ ಮಾಡುವಾಗ ಇದೆಲ್ಲ ನನಗೂ ಬಂತು. ಆದರೆ ಉದಾಹರಣೆ ಮನೆಯವರದ್ದೇ ಇರಬೇಕು, ನಿಜವೇ ಇರಬೇಕು, ಸಮಾರೋಪದ ದಿನ ಮನೆಯವರೆದುರೇ ಓದಬೇಕು ಎಂಬ ಸುತ್ತೋಲೆ ಹೊರಡಿಸಿದ ಪುಣ್ಯಾತ್ಮರು ಯಾರು? ಅವರಿಗೆ ಅಕ್ಕತಂಗಿಯರಿಲ್ಲವೇ? ನಮ್ಮ ಮನೆಯಲ್ಲಿರುವುದು ಅಮ್ಮ, ತಂಗಿ, ನಾನು. ಮೂವರಿಗೂ ಬ್ಯಾಡ್, ವರ್ಸ್, ವರ್ಸ್ಟ್ ಹಂಚಲೇಬೇಕೆಂದರೆ ಕೊನೆಯದನ್ನು ಯಾರ ತಲೆಗೆ ಕಟ್ಟುತ್ತಾರೆ?

ನನ್ನ ತಲೆಗೆ! ಅಂದು ಗರಿಗರಿ ಇಸ್ತ್ರಿಯ ಬಟ್ಟೆ ತೊಟ್ಟು ಅಮ್ಮನ ಪಕ್ಕ ಮೊದಲ ಸಾಲಿನಲ್ಲಿ ಕುಳಿತಿದ್ದೆ. ತಂಗಿ ವೇದಿಕೆ ಹತ್ತಿ, ಅಮ್ಮನ ಕೋಪ ಬ್ಯಾಡ್, ತನ್ನದು ವರ್ಸ್, ಅಕ್ಕನದು ವರ್ಸ್ಟ್ ಎಂದು ಇಂಗ್ಲಿಷಿನಲ್ಲಿ ಓದಿದಳು. ಸಭೆ ಚಪ್ಪಾಳೆ ತಟ್ಟಿತು. ನಾನು ಎದ್ದು, “ಯಾರಿಗೇ ಕೋಪ? ನನಗಾ?” ಎಂದೆ. ಶಾಂತವಾಗಿಯೇ ಎಂದೆ. ಕುರ್ಚಿ ತಾನಾಗಿಯೇ ಬಿತ್ತು. ಹೊರಗಿದ್ದ ಕಾವಲುಗಾರ ಯಾಕೆ ಓಡಿ ಬಂದನೋ ನನಗೆ ಗೊತ್ತಿಲ್ಲ. ಅಲ್ಲಿಂದ ಸೀದಾ ಹೊರಟು, ದಾರಿಯಲ್ಲೇ ಪರದೆಗೆ ಬಟ್ಟೆ ಕೊಂಡೆ.

ಪರದೆ ಕಟ್ಟಿಯಾದ ಮೇಲೆ ಅಮ್ಮ ಬಾಯಿಬಿಟ್ಟಳು. “ನೀನು ಎದ್ದು ಹೋದ್ಮೇಲೆ ಅವಳು ಇನ್ನೊಂದು ಓದಿದ್ಲು ಕಣೇ. ಕತ್ತರಿ ಕೆಲಸದಲ್ಲಿ ತಾನು ಗುಡ್, ನಾನು ಬೆಟರ್, ನೀನು ಬೆಸ್ಟ್ ಅಂತೆ. ಅಕ್ಕ ಕತ್ತರಿಸಿಕೊಟ್ರೆ ಕಣ್ಣು ಮುಚ್ಕೊಂಡು ಹೊಲೀತೀನಿ ಅಂದ್ಲು. ಬಿದ್ದಿದ್ದ ನಿನ್ನ ಕುರ್ಚಿ ನೋಡ್ಕೊಂಡೇ ಓದಿದ್ಲು, ಪಾಪ.”

“ಮೊದ್ಲೇ ಹೇಳೋಕೇನಾಗಿತ್ತು ನಿಂಗೆ?”

“ನೀನು ಬಾಯಿ ಮುಚ್ಚಿದ್ರೆ ತಾನೇ ಹೇಳೋದು!”

ಲೋಕವೆಲ್ಲ ಗುಡ್, ಬೆಟರ್, ಬೆಸ್ಟ್ ಮೊದಲು ಹೇಳುತ್ತದೆ. ನಿಮ್ಮ ಸಮಾರೋಪದಲ್ಲಿ ಮಾತ್ರ ಕೆಟ್ಟದ್ದಕ್ಕೇ ಅಗ್ರಸ್ಥಾನ. ಕೇಳಿದರೆ ನಿಮ್ಮ ಮೇಷ್ಟ್ರು, “ಸಭೆ ಸಿಹಿಯಾಗಿ ಮುಗೀಲಿ ಅಂತ ಹಾಗೆ ಮಾಡಿದ್ದು” ಎಂದರು. ಸಿಹಿ ಬರುವ ತನಕ ಕೂತಿರುವ ಸ್ವಭಾವ ನನ್ನದಲ್ಲ ಎಂದು ನಿಮ್ಮ ವಿದ್ಯಾರ್ಥಿನಿಯೇ ಓದಿ ತಿಳಿಸಿದ್ದಳಲ್ಲ, ಸ್ವಾಮೀ?

ನಾಚಿಕೆ ಬಿಟ್ಟು ಪರದೆಯ ಬಳಿ ನಿಂತು, “ಆ ಇನ್ನೊಂದು ಸಾಲು ಹೇಳೇ” ಎಂದೂ ಕೇಳಿದೆ. “ಒಂದ್ಸಲ ಹೇಳಿಯಾಯ್ತು, ಹೋಗು” ಎಂದವಳೇ ಮಷಿನ್ ತುಳಿಯತೊಡಗಿದಳು. ಅಮ್ಮನ ಬಾಯಿಂದ ಕೇಳಿದ್ದು ನನಗೆ ಸಾಲದು, ಅವಳ ಬಾಯಿಂದಲೇ ಕೇಳಬೇಕು.

ಆದ್ದರಿಂದ ಸಮಾರೋಪವನ್ನು ಇನ್ನೊಮ್ಮೆ ನಡೆಸತಕ್ಕದ್ದು. ನಾವು ಮಾತಾಡದ ಕಾರಣ ಇಬ್ಬರಿಗೂ ಬೇರೆ ಬೇರೆ ಆಹ್ವಾನ ಕಳಿಸಿ. ನಿಮ್ಮ ತರಗತಿಗಳ ಮರ್ಯಾದೆಯ ಪ್ರಶ್ನೆಯಾದರೆ ಕೆಟ್ಟದ್ದನ್ನೇ ಮೊದಲು ಓದಿಸಿ, ತುಟಿ ಪಿಟಕ್ಕೆನ್ನದೆ ಕೇಳುತ್ತೇನೆ. ನನಗೆ ಅದೇ ಮೊದಲ ಸಾಲಿನ ಕುರ್ಚಿ ಕೊಡಿ. ಅನುಮಾನವಿದ್ದರೆ ಅದಕ್ಕೆ ಕಟ್ಟಿಹಾಕಿ. ವೇದಿಕೆಗೆ ಪರದೆ ನಮ್ಮ ಅಂಗಡಿಯಿಂದಲೇ ಬಿಚ್ಚಿ ತರುತ್ತೇನೆ. ಅದನ್ನು ವಾಪಸ್ ಕಳಿಸುವುದು ಬೇಡ.

ಇಂತಿ,
ವರ್ಸ್ಟ್ ಕೇಳಿ ಎದ್ದು ಬಂದು, ಬೆಸ್ಟ್ ತಪ್ಪಿಸಿಕೊಂಡ
ಅಕ್ಕ,
ಪರದೆಯ ಎಡಗಡೆ