ನಕ್ಷೆಯಲ್ಲಿ ಬರೆಯದ ತಡೆಗೋಡೆ

ಶುಹೇ,

ಅನ್ನ ಕುಕ್ಕರಿನಲ್ಲಿದೆ. ಅಮ್ಮನಿಗೆ ಮೀನಿನ ಮುಳ್ಳು ಬಿಡಿಸಿ ಕೊಡು. ನಿನ್ನ ಪಾಲೂ ಇದೆ, ತಿನ್ನು.

ಕೇಗೊ ತೀರಿಹೋದ ಮೇಲೆ ಇವತ್ತೇ ಮೊದಲು ಅವನ ದೋಣಿಯಿಂದ ತಂದ ಕಡಲ ನಕ್ಷೆ ಬಿಡಿಸಿದೆ. ಬಂದರು ಕಚೇರಿ ಕಳಿಸಿದ ಈ ವರ್ಷದ ತಿದ್ದುಪಡಿಗಳನ್ನು ಅದರಲ್ಲಿ ಗುರುತಿಸುತ್ತೇನೆಂದು ನೀನು ಒಪ್ಪಿಕೊಂಡಿದ್ದೆ. ಅಂಚಿನಲ್ಲಿ ಒಂದೊಂದು ತಿದ್ದುಪಡಿಯ ಸಂಖ್ಯೆಯೂ ನಿನ್ನ ಅಕ್ಷರದಲ್ಲಿದೆ, ಎಲ್ಲ ಮುಗಿಸಿದವನಂತೆ. ಕಡಲಿನ ಭಾಗದಲ್ಲಿ ಮಾತ್ರ ಏನೂ ತಿದ್ದಿಲ್ಲ. ಬಂದರಿನಾಚೆ ಕಟ್ಟಿದ ಹೊಸ ತಡೆಗೋಡೆ ಅಲ್ಲಿ ಇಲ್ಲವೇ ಇಲ್ಲ.

ಅವನು ಮಂಜಿನಲ್ಲಿ ದಿಕ್ಸೂಚಿ ನೋಡಿಕೊಂಡು ಸರಿಯಾಗಿಯೇ ಬಂದಿದ್ದಾನೆ. ಅವನ ಪೆನ್ಸಿಲ್ ಗೆರೆ ನೀನು ಖಾಲಿ ಬಿಟ್ಟ ಜಾಗದ ಮೇಲೇ ಹಾದಿದೆ. ದೋಣಿ ಬಡಿದದ್ದು ಅಲ್ಲಿದ್ದ ಆ ತಡೆಗೋಡೆಗೇ.

"ಅಣ್ಣಂಗೆ ಯಾವಾಗ್ಲೂ ಅವಸರ ಅತ್ತಿಗೆ, ದಿಕ್ಸೂಚಿ ನೋಡಿರಲ್ಲ ಬಿಡಿ" ಎಂದು ಅಂತ್ಯಕ್ರಿಯೆಯ ದಿನ ಹೇಳಿದವನು ನೀನು. ನಾನೂ ನಂಬಿ ಅವನನ್ನೇ ಬೈದುಕೊಂಡೆ. ಅವನನ್ನು ಹುಡುಕಲು ಹೋಗಿದ್ದ ಬೆಸ್ತರ ಮನೆಗಳಿಗೆ ಅಮ್ಮ ಇನ್ನೂ ಕಿತ್ತಳೆ ಹಂಚುತ್ತಾ, "ನಮ್ಮ ಹುಡುಗನ ತಪ್ಪಿಂದ ನಿಮಗೆಲ್ಲ ತೊಂದ್ರೆ ಆಯ್ತು" ಎಂದು ತಲೆಬಾಗುತ್ತಾರೆ. ಪಕ್ಕದಲ್ಲಿ ನಿಂತು ನೀನೂ ಬಾಗುತ್ತೀಯ.

ಊಟವಾದ ಮೇಲೆ ಅಮ್ಮನಿಗೆ ನಿಜ ನೀನೇ ಹೇಳು. ನಾನು ಸಂಜೆ ಐದು ಗಂಟೆಯ ಹಡಗಿನಲ್ಲಿ ವಾಪಸ್ ಬರುತ್ತೇನೆ. ಬಾಗಿಲು ತೆಗೆಯುವ ಅಮ್ಮನ ಮುಖ ನೋಡಿದರೆ ನೀನು ಹೇಳಿದೆಯೋ ಇಲ್ಲವೋ ನನಗೆ ತಿಳಿಯುತ್ತದೆ.

ಚಿನಾಮಿ