ಹೆಸರು ಕೊರೆದ ಪಾತ್ರೆಗಳು

॥ ಶ್ರೀ ವೀರಭದ್ರೇಶ್ವರ ಪ್ರಸನ್ನ ॥

ಬಾಳೆಹೊನ್ನೂರು
೨೪ ಫೆಬ್ರವರಿ ೨೦೨೫

ಮಗಳು ಮೇಘನಳಿಗೆ ನಿನ್ನ ಅಮ್ಮ ವೀರಬಸಮ್ಮ ಮಾಡುವ ಆಶೀರ್ವಾದ. ಅಳಿಯಂದಿರಿಗೂ ಪುಟ್ಟಿಗೂ ತಿಳಿಸು. ಇಲ್ಲಿ ನಾನು, ನಿನ್ನ ಅಣ್ಣ ರಾಜಶೇಖರ, ಅತ್ತಿಗೆ ಚೈತ್ರ, ಮಕ್ಕಳು ಎಲ್ಲರೂ ಕ್ಷೇಮ. ಅಂಗಡಿಯೂ ಕ್ಷೇಮ.

ನಿನ್ನ ಪತ್ರ ಸಂಕ್ರಾಂತಿಗೆ ಎರಡು ದಿನ ಮೊದಲು ಬಂತು. ಪೋರ್ಚುಗಲ್ಲಿನಿಂದ ಇಲ್ಲಿಗೆ ಬರಲು ಅದು ಇಪ್ಪತ್ತೆರಡು ದಿನ ತೆಗೆದುಕೊಂಡಿತು. ಉತ್ತರ ಬರೆಯಲು ನಾನು ಅದಕ್ಕಿಂತ ಹೆಚ್ಚು ದಿನ ತೆಗೆದುಕೊಂಡೆ. ನಡುವೆ ಒಂದು ಮದುವೆಗೆ ಬೆಂಗಳೂರಿಗೆ ಹೋಗಬೇಕಾಯಿತು. ನಿನಗೆ ಪರಿಚಯ ಇಲ್ಲದವರ ಮದುವೆ, ಬಿಡು. ನೀನೇ ಮೊದಲು ಬರೆದೆ, ಆದ್ದರಿಂದ ಬರೆಯುತ್ತಿದ್ದೇನೆ. ಇದನ್ನು ರಾಜಿ ಎಂದು ತಿಳಿಯಬೇಡ.

ಆಗಸ್ಟಿನಲ್ಲಿ ನಾನು ಫೋನು ಇಟ್ಟದ್ದು ಯಾಕೆ ಎಂದು ಇನ್ನೊಮ್ಮೆ ಹೇಳಿಬಿಡುತ್ತೇನೆ. ಅಳಿಯಂದಿರು ನಿಮ್ಮ ಊರಿನ ಲೈಬ್ರರಿಯ ಕಂಪ್ಯೂಟರಿನಿಂದ ಕಳಿಸಿದ ಫೋಟೋವನ್ನು ರಾಜಶೇಖರ ನನಗೆ ಅಂಗಡಿಯಲ್ಲಿ ತೋರಿಸಿದ. ಯಾರೋ ಟೋಪಿ ಹಾಕಿದ ಮುದುಕ ಮೇಕೆ ಹಾಲು ಕರೆಯುತ್ತಿದ್ದ. ಕ್ಯಾನು ನೋಡಿದ ಕೂಡಲೇ ಗುರುತು ಸಿಕ್ಕಿತು. ಫೋಟೋ ದೊಡ್ಡದು ಮಾಡು ಎಂದೆ. ಕ್ಯಾನಿನ ಕುತ್ತಿಗೆಯ ಮೇಲೆ ನನ್ನದೇ ಅಕ್ಷರ: ಚಿ. ಸೌ. ಮೇಘನಳಿಗೆ ತಾಯಿ ವೀರಬಸಮ್ಮ, ಬಾಳೆಹೊನ್ನೂರು. ಪಕ್ಕದಲ್ಲಿ ನಿಂತಿದ್ದ ಸುಬ್ಬಿಯೂ ನೋಡಿದಳು. ಇಪ್ಪತ್ತು ವರ್ಷದಿಂದ ಈ ಅಂಗಡಿಯ ಧೂಳು ಒರೆಸಿದವಳು, ಅವಳಿಗೆ ಗೊತ್ತಾಗದೆ ಇರುತ್ತದೆಯೇ. ಅಮ್ಮಾರೆ, ಆ ಕ್ಯಾನಿನ ಮುಚ್ಚಳ ಎಲ್ಲಿ, ಅಜ್ಜ ಮುಚ್ಚಳ ಕೇಳ್ಕೊಂಡು ಇಲ್ಲಿಗೇ ಬರ್ತಾನೋ ಏನೋ ಅಂದಳು. ನನಗೆ ನಗು ಬರಲಿಲ್ಲ.

ನಿನ್ನ ಮದುವೆಗೆ ಕೊಟ್ಟ ಒಂದೊಂದು ಪಾತ್ರೆಯ ಮೇಲೂ ನಾನೇ ಕೂತು ಹೆಸರು ಕೊರೆದಿದ್ದೆ. ಮಷಿನ್ನಿನಲ್ಲಿ ಅಲ್ಲ, ನಿನ್ನ ಅಪ್ಪನ ಉಳಿ ಸುತ್ತಿಗೆಯಲ್ಲಿ, ಚುಕ್ಕಿ ಚುಕ್ಕಿಯಾಗಿ. ಒಂಬತ್ತು ದಿನ ಬೇಕಾಯಿತು. ಅವು ಎಲ್ಲಿ ಎಂದು ಫೋನಿನಲ್ಲಿ ಕೇಳಿದರೆ ನೀನು ಹೇಳಿದ್ದು ಒಂದೇ ಮಾತು: ಇಲ್ಲಿಯ ಊರಿನವರ ಮನೆಗಳಲ್ಲಿ ಇವೆ ಅಮ್ಮ, ಇರಲಿ ಬಿಡು, ನಮಗೆ ಅಷ್ಟೆಲ್ಲ ಬೇಡ. ಬೇಡ ಎಂಬ ಆ ಮಾತನ್ನು ನನ್ನಿಂದ ಸಹಿಸಲಾಗಲಿಲ್ಲ. ನನ್ನ ಪಾತ್ರೆ ಹಂಚಿದವಳ ಮನೆಯಲ್ಲಿ ನಾನು ಒಂದು ಲೋಟ ನೀರೂ ಕುಡಿಯುವುದಿಲ್ಲ ಎಂದೆ, ಫೋನು ಇಟ್ಟೆ. ಮಾರಿದ ಸಾಮಾನು ವಾಪಸು ಪಡೆಯುವುದಿಲ್ಲ ಎಂಬ ಬೋರ್ಡು ನಮ್ಮ ಅಂಗಡಿಯಲ್ಲಿ ನಿನ್ನ ಅಜ್ಜನ ಕಾಲದಿಂದ ಇದೆ. ನನ್ನ ಮಾತೂ ಹಾಗೆಯೇ ಎಂದು ನಿನಗೆ ಗೊತ್ತು.

ನೀನೂ ನನ್ನ ಜಾಗದಲ್ಲಿ ನಿಂತು ನೋಡು. ಜನ ಪಾತ್ರೆ, ಮಿಕ್ಸಿ, ಫ್ಯಾನು ಕೊಳ್ಳಲಿ ಎಂದು ಅಂಗಡಿ ಇಟ್ಟು ನಾನು ನಿನ್ನನ್ನು ಬೆಳೆಸಿದೆ. ಅಳಿಯಂದಿರು ದುಬೈಯ ಮಾಲಿನಲ್ಲಿ ಟಿ.ವಿ., ಫ್ರಿಜ್ಜು ಮಾರುವ ದೊಡ್ಡ ಅಂಗಡಿಗೆ ಮ್ಯಾನೇಜರ್ ಆಗಿದ್ದರು. ಎರಡು ವರ್ಷದ ಹಿಂದೆ ನೀವಿಬ್ಬರೂ ಇನ್ನು ಸಾಮಾನು ಸಾಕು ಎಂದು ಅದೆಲ್ಲ ಬಿಟ್ಟು, ಹೆಸರೇ ಕೇಳದ ಬೆಟ್ಟದ ಹಳ್ಳಿಗೆ, ಕಲ್ಲಿನ ಮನೆಗೆ, ಮೂರು ಮೇಕೆ ಸಾಕಲು ಹೋದಿರಿ. ಇಲ್ಲಿ ಯಾರಾದರೂ ಕೇಳಿದರೆ, ಅಳಿಯಂದಿರು ಅಲ್ಲಿ ಎಸ್ಟೇಟ್ ತಗೊಂಡಿದ್ದಾರೆ ಎನ್ನುತ್ತೇನೆ. ಮಠದ ಹತ್ತಿರ ಸಿಕ್ಕಿದ ರಘುಪತಿ ಮಾಸ್ತರು ಎಷ್ಟು ಎಕರೆ ಎಂದು ಕೇಳಿದರು. ಬಿಸಿಲು ಜಾಸ್ತಿ ಇದೆ ಎಂದು ಹೇಳಿ ಮನೆಗೆ ಬಂದೆ.

ಈಗ ನಿನ್ನ ಪತ್ರದ ವಿಷಯ. ಅದರಲ್ಲಿ ನೀನು ಬರೆದದ್ದನ್ನು ಆಗಸ್ಟಿನಲ್ಲೇ ಹೇಳಿದ್ದರೆ ಆಗುತ್ತಿತ್ತು. ಹೇಳಲು ನಾನು ಬಿಡಲಿಲ್ಲ ಎಂದು ನೀನು ಬರೆದಿದ್ದೀಯ. ಇರಬಹುದು.

ಪತ್ರವನ್ನು ಮೂರು ಸಲ ಓದಿದೆ. ಅಲ್ಲಿಗೆ ಹೋದ ಮೊದಲ ಚಳಿಯಲ್ಲಿ ಮನೆಯಲ್ಲಿ ಸೌದೆ ಇರಲಿಲ್ಲ, ಪಕ್ಕದ ಮನೆಯ ಅಮೇಲಿಯ ಅನ್ನುವ ಅಜ್ಜಿ ಕೇಳದೆಯೇ ಗಾಡಿ ತುಂಬ ಸೌದೆ ತಂದು ಹಾಕಿದಳು, ಪುಟ್ಟಿಗೆ ಕಂಬಳಿ ಕೊಟ್ಟಳು. ನೀನು ಯುಗಾದಿಗೆ ಹೋಳಿಗೆ ಮಾಡಿ ಅವಳಿಗೆ ಡಬ್ಬಿಯಲ್ಲಿ ಕಳಿಸಿದೆ. ಡಬ್ಬಿ ವಾಪಸು ಬರಲಿಲ್ಲ. ಆ ಟೋಪಿಯ ಮೇಕೆಯವನಿಗೆ ಕ್ಯಾನಿನಲ್ಲಿ ಪಾಯಸ ಕಳಿಸಿದೆ, ಅದೂ ಬರಲಿಲ್ಲ. ಹೀಗೆ ಒಂದೊಂದೇ ಹೋದವು. ಆ ಊರಿನಲ್ಲಿ ಸಾಮಾನು ಇಟ್ಟು ಹೋಗುವ ಒಂದು ಕೊಟ್ಟಿಗೆ ಇದೆ, ಬೇಡವಾದದ್ದನ್ನು ಅಲ್ಲಿ ಇಡುತ್ತಾರೆ, ಬೇಕಾದವರು ಒಯ್ಯುತ್ತಾರೆ, ಬಾಗಿಲಿಗೆ ತಂದು ಕೊಟ್ಟದ್ದು ಅಂದರೆ ಕೊಟ್ಟದ್ದೇ, ಅಡುಗೆಯೂ ಪಾತ್ರೆಯೂ ಎರಡೂ. ನೀನು ವಾಪಸು ಕೇಳಲು ನಾಚಿಕೊಂಡೆ. ಆಮೇಲೆ ಅವರೆಲ್ಲ ಅವನ್ನು ದಿನಾ ಬಳಸುವುದು ನೋಡಿ, ಕೇಳುವುದೇ ಬೇಡ ಅನ್ನಿಸಿತು.

ಇಲ್ಲಿ ನನಗೆ ಓದು ನಿಂತಿತು. ಯಾಕೆಂದರೆ ಪಾತ್ರೆ ಕಳಿಸುವುದನ್ನು ನಿನಗೆ ಕಲಿಸಿದವಳು ನಾನು. ನೆರೆಮನೆಗೆ ಏನಾದರೂ ಕೊಡುವಾಗ ಒಳ್ಳೆ ಪಾತ್ರೆಯಲ್ಲೇ ಕೊಡಬೇಕು, ಅವರು ಅದನ್ನು ಬರಿದಾಗಿ ಮರಳಿಸುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ ಎಂದು. ದಾರಿ ತಪ್ಪದೆ ಮನೆಗೆ ಬರಲಿ ಎಂದೇ ನಾವು ಹೆಸರು ಕೊರೆಯುವುದು. ಅಲ್ಲಿನವರಿಗೆ ಕನ್ನಡ ಓದಲು ಬರುವುದಿಲ್ಲ ಎಂಬುದು ನನಗೂ ಹೊಳೆಯಲಿಲ್ಲ, ನಿನಗೂ ಹೊಳೆಯಲಿಲ್ಲ. ಅಮೇಲಿಯಜ್ಜಿ ಆ ಅಕ್ಷರಗಳನ್ನು ಹೂವಿನ ಚಿತ್ತಾರ ಎಂದು ತಿಳಿದಿದ್ದಾಳೆ ಎಂದು ಬರೆದಿದ್ದೀಯ. ಅದನ್ನು ಓದಿ ಚೈತ್ರ ನಕ್ಕ ನಗು ಕೆಳಗೆ ರಸ್ತೆಗೆ ಕೇಳಿರಬೇಕು.

ನೀನು ಕಳಿಸಿದ ಹದಿನಾಲ್ಕು ಫೋಟೋ ಕನ್ನಡಿಯ ಹಾಗೆ ಮುಖದ ಹತ್ತಿರ ಹಿಡಿದು ನೋಡಿದ್ದೇನೆ. ಕೆಲವು ಪ್ರಶ್ನೆಗಳಿವೆ, ಉತ್ತರ ಬರೆ. ಇಡ್ಲಿ ತಟ್ಟೆಯ ಒಂದೊಂದು ಗುಳಿಯಲ್ಲೂ ಬೇರೆ ಬೇರೆ ಬೀಜ ಇಟ್ಟವರು ಯಾರು? ಅವು ಅವರೆ ಜಾತಿಯೇ? ಕಪ್ಪು ಬಿಳಿ ಮಚ್ಚೆ ಇರುವ ಬೀಜದ ನಾಲ್ಕು ಕಾಳು ಸಿಗಬಹುದೇ? ದೊಡ್ಡ ಬೋಗುಣಿಯಲ್ಲಿ ಯಾವುದೋ ಮಗು ಕೂತು ಸ್ನಾನ ಮಾಡುತ್ತಿದೆ, ಅದು ಯಾರ ಮಗು? ಮಸಾಲೆ ಡಬ್ಬಿಯಲ್ಲಿ ಗುಂಡಿಗಳನ್ನು ಬಣ್ಣ ಬಣ್ಣವಾಗಿ ಬೇರೆ ಮಾಡಿ ಇಟ್ಟ ಹೆಂಗಸು ದರ್ಜಿಯೇ? ಅವಳ ಕೆಲಸ ಅಚ್ಚುಕಟ್ಟು. ನಮ್ಮ ಮನೆಯಲ್ಲಿ ಮಸಾಲೆ ಡಬ್ಬಿ ಯಾವತ್ತೂ ಅಷ್ಟು ಚೊಕ್ಕಟವಾಗಿ ಇರಲಿಲ್ಲ. ನಿಮ್ಮ ಮನೆಯಲ್ಲಿ ಬಿಸಿಲಿನ ಕರೆಂಟು ದಿನಕ್ಕೆ ಎಷ್ಟು ಹೊತ್ತು ಇರುತ್ತದೆ? ಸ್ನಾನಕ್ಕೆ ನೀರು ಯಾವುದರಲ್ಲಿ ಕಾಯಿಸುತ್ತೀಯ? ಸುಮ್ಮನೆ ಕೇಳಿದ್ದು.

ಇನ್ನೊಂದು. ಸಾಮಾನಿಲ್ಲದ ಮನೆಯಲ್ಲಿ ಮಧ್ಯಾಹ್ನ ಏನು ಮಾಡುತ್ತೀರಿ? ಇದು ವ್ಯಂಗ್ಯ ಅಲ್ಲ. ನಾನು ಕೊನೆಯ ಸಲ ದುಬೈಗೆ ಬಂದಾಗ ನಿಮ್ಮ ಮನೆಯ ಒಂದು ಇಡೀ ಕೋಣೆ, ಬಿಚ್ಚದ ಪೆಟ್ಟಿಗೆಗಳಿಂದ ತುಂಬಿತ್ತು. ಅಳಿಯಂದಿರು ಸಂಜೆ ಬಂದವರು ಅವುಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಮಲಗುತ್ತಿದ್ದರು, ಪುಟ್ಟಿಯ ಜೊತೆ ಹತ್ತು ಮಾತು ಆಡಿದ್ದು ನಾನು ನೋಡಲಿಲ್ಲ. ಈಗಿನ ಫೋಟೋದಲ್ಲಿ ಅವರು ಪುಟ್ಟಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಆಲಿವ್ ಕಾಯಿ ಬಡಿಯುತ್ತಿದ್ದಾರೆ. ತೆಳ್ಳಗಾಗಿದ್ದಾರೆ. ಸರಿಯಾಗಿ ಊಟ ಹಾಕು.

ನಮ್ಮಲ್ಲಿಯೂ ಪೆಟ್ಟಿಗೆ ಬರುವುದು ನಿಂತಿಲ್ಲ. ಚೈತ್ರ ಫೋನಿನಲ್ಲಿ ಟಿಫಿನ್ ಡಬ್ಬಿ ತರಿಸಿದಳು. ಕೆಳಗೆ ನಮ್ಮ ಅಂಗಡಿಯಲ್ಲಿ ಅದೇ ಡಬ್ಬಿ ಇದೆಯಲ್ಲ ಮಾರಾಯ್ತಿ ಎಂದೆ. ಅದು ಅಲ್ಲೇ ಇರುತ್ತದೆ ಅತ್ತೆ, ಇದು ಬರುತ್ತದೆ, ಕಾಯುವುದರಲ್ಲಿ ಒಂದು ಖುಷಿ ಎಂದಳು. ಬೈಯಬೇಕು ಎಂದುಕೊಂಡೆ. ಆದರೆ ನಲವತ್ತು ವರ್ಷದಿಂದ ಗಿರಾಕಿಗಳಿಗೆ ನಾನು ಕೊಟ್ಟದ್ದು ಆ ಖುಷಿಯೇ ಇರಬಹುದೇ ಎಂದು ಯೋಚನೆ ಬಂತು. ಅದನ್ನು ಅವಳಿಗೆ ಹೇಳಲಿಲ್ಲ.

ಹೋದ ವಾರ ಸೀತೂರಿನ ವೆಂಕಮ್ಮ ಬಂದಿದ್ದಳು. ಅವಳ ಮದುವೆಗೆ ನಮ್ಮಲ್ಲೇ ಕೊಂಡ ದೊಡ್ಡ ಪಾತ್ರೆಯನ್ನು ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದಳು. ಅವಳ ಹೆಸರಿನ ಕೆಳಗೆ ಹೊಸ ಸೊಸೆಯ ಹೆಸರು ಹಾಕಬೇಕಂತೆ. ಸೊಸೆಗೆ ಹೊಸದೇ ಒಯ್ಯಿ, ಆಫರ್ ಇದೆ ಎಂದೆ, ಅಭ್ಯಾಸ. ಎಂತಕ್ಕೆ, ಇದು ತೂತಾಗಿದೆಯಾ, ನೀನೇ ಅಲ್ವಾ ಮಾರಾಯ್ತಿ ಇದು ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ ಅಂತ ಹೇಳಿ ಮಾರಿದ್ದು, ಸುಳ್ಳಾ ಹಾಗಾದರೆ, ಎಂದಳು. ಅಂಗಡಿಯಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಮಷಿನ್ನಿಗೆ ಕರೆಂಟು ಇರಲಿಲ್ಲ. ನಿನ್ನ ಅಪ್ಪನ ಉಳಿ ಸುತ್ತಿಗೆ ಡ್ರಾಯರಿನಿಂದ ತೆಗೆದೆ. ಕೈ ಮರೆತಿರಲಿಲ್ಲ. ಎರಡು ಹೆಸರೂ ಒಂದರ ಕೆಳಗೊಂದು ಚೆನ್ನಾಗಿ ಕಂಡವು. ವೆಂಕಮ್ಮ ಅದರ ಮೇಲೆ ಬೆರಳು ಆಡಿಸಿ, ಈಗ ಇದು ಅವಳದೂ ಹೌದು ಎಂದು ಹೇಳಿ ಸೀರೆ ಸುತ್ತಿಕೊಂಡು ಹೋದಳು. ಆ ಮಾತು ಇಡೀ ದಿನ ತಲೆಯಲ್ಲಿತ್ತು.

ಈಗ ಮುಖ್ಯ ವಿಷಯ. ಮೇ ತಿಂಗಳಲ್ಲಿ ಎರಡನೆಯ ಮಗು ಎಂಬ ಸುದ್ದಿ ಓದಿ ಸಂತೋಷವಾಯಿತು. ಬಾಣಂತನಕ್ಕೆ ಬಾ ಅಮ್ಮ, ಒಂದೇ ಸಣ್ಣ ಚೀಲ ತಾ, ನಮಗಾಗಿ ಏನೂ ತರಬೇಡ, ನೀನು ಬಂದರೆ ಸಾಕು ಎಂದು ಬರೆದಿದ್ದೀಯ. ಯೋಚಿಸು, ಬಾಣಂತನಕ್ಕೆ ಬರಿಗೈಯಲ್ಲಿ ಹೋದ ತಾಯಿ ಯಾರಿದ್ದಾರೆ ನಮ್ಮ ಪೈಕಿ? ಅದೂ ಪಾತ್ರೆ ಅಂಗಡಿಯವಳು? ಮೊದಲ ಸಲ ಪುಟ್ಟಿ ಹುಟ್ಟಿದಾಗ ನಾಲ್ಕು ಸೂಟ್‌ಕೇಸ್ ತಂದಿದ್ದೆ. ಮಂಡಿ ನೋವು ಇದೆ. ಅಂಗಡಿಯನ್ನು ರಾಜಶೇಖರನ ಮೇಲೆ ಬಿಟ್ಟರೆ ಕೇಳಿದವರಿಗೆಲ್ಲ ಕಡಿಮೆ ಮಾಡಿ ಕೊಟ್ಟುಬಿಡುತ್ತಾನೆ. ಎಲ್ಲಕ್ಕಿಂತ ಮೇಲೆ ಆಗಸ್ಟಿನಲ್ಲಿ ಆಡಿದ ಮಾತು ಇದೆ. ಆದ್ದರಿಂದ ನನ್ನನ್ನು ನಂಬಿಕೊಂಡು ಕೂರಬೇಡ ಎಂದು ತಿಳಿಸಲು ಈ ಪತ್ರ.

ನೀನು ಆ ಪಾತ್ರೆಗಳನ್ನು ಎಸೆದಿರಲಿಲ್ಲ ಎಂಬುದು ಮಾತ್ರ ನನಗೆ ಸಮಾಧಾನ. ನಾನು ಕೇಳಬೇಕಿತ್ತು. ಇಷ್ಟನ್ನು ಬರೆಯಲು ಇಷ್ಟು ಪುಟಗಳು ಬೇಕಾದವು, ನೋಡು.

ಎರಡು ಹೊತ್ತು ಬಿಸಿ ಊಟ ಮಾಡು. ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ನಡೆಯಬೇಡ. ಮೇಕೆಯನ್ನು ಎತ್ತಲು ಹೋಗಬೇಡ, ನನಗೆ ನಿನ್ನ ಸ್ವಭಾವ ಗೊತ್ತು.

ಇಂತಿ ನಿನ್ನ ತಾಯಿ,
ವೀರಬಸಮ್ಮ ಶಾಂತವೀರಪ್ಪ

ವಿ.ಸೂ.: ಮೇಲಿನದನ್ನು ಬರೆದು ಮಡಿಸಿ ಎರಡು ದಿನ ಇಟ್ಟಿದ್ದೆ. ಹರಿದು ಬೇರೆ ಬರೆಯಲು ಮನಸ್ಸಿಲ್ಲ, ಬರೆದದ್ದು ಬರೆದಂತೆ ಇರಲಿ. ಬೆಂಗಳೂರಿನಲ್ಲಿ ಯಾರ ಮದುವೆಯೂ ಇರಲಿಲ್ಲ. ವೀಸಾಕ್ಕೆ ಬೆರಳಚ್ಚು ಕೊಡಲು ರಾಜಶೇಖರನ ಜೊತೆ ಹೋಗಿದ್ದೆ. ಪಾಸ್‌ಪೋರ್ಟು ವೀಸಾದೊಂದಿಗೆ ಇವತ್ತು ಬೆಳಿಗ್ಗೆ ವಾಪಸು ಬಂತು. ಏಪ್ರಿಲ್ ಇಪ್ಪತ್ತಾರರ ಮಧ್ಯಾಹ್ನ ಅಳಿಯಂದಿರು ಲಿಸ್ಬನ್ನಿಗೆ ಬರಲಿ. ಚೀಲ ಒಂದೇ. ಎರಡು ಸೀರೆ, ಔಷಧಿ, ಅಪ್ಪನ ಉಳಿ ಸುತ್ತಿಗೆ, ಮತ್ತು ಆ ಕ್ಯಾನಿನ ಮುಚ್ಚಳ, ಅದು ನಮ್ಮ ಅಟ್ಟದಲ್ಲೇ ಉಳಿದಿತ್ತು. ಉಳಿಗೆ ಕರೆಂಟು ಬೇಡ. ಪಾತ್ರೆ ಇರುವ ಎಲ್ಲ ಮನೆಯವರ ಹೆಸರನ್ನೂ ಕನ್ನಡದಲ್ಲಿ ಬರೆದಿಟ್ಟಿರು, ನಿನ್ನ ಹೆಸರಿನ ಕೆಳಗೆ ಜಾಗ ಇದೆ. ನಿನ್ನ ಮನೆಯಲ್ಲಿ ನೀರು ಕುಡಿಯುವುದಿಲ್ಲ ಎಂದ ಮಾತನ್ನು ಹೇಗೆ ನಿಭಾಯಿಸುವುದು ಎಂದೂ ಯೋಚಿಸಿದ್ದೇನೆ. ನಿಮ್ಮ ಊರಲ್ಲಿ ಇಳಿದ ಕೂಡಲೇ ನನ್ನನ್ನು ಅಮೇಲಿಯಜ್ಜಿಯ ಮನೆಗೆ ಕರೆದುಕೊಂಡು ಹೋಗು. ಏಳನೆಯ ಫೋಟೋದಲ್ಲಿ ಅವಳ ಕೈಯಲ್ಲಿರುವುದು ನನ್ನ ಲೋಟ. ಮೊದಲ ನೀರು ಅದರಲ್ಲಿ ಕುಡಿಯುತ್ತೇನೆ. ಆಮೇಲೆ ನಿನ್ನ ಮನೆಗೆ ಬರುತ್ತೇನೆ.