ಹುಳಿ ಮನೆ ಕೊನೆಗೆ

ಮಾರ್ಚ್ 4, ಮಂಗಳವಾರ. ಬೆಳಗ್ಗೆ 9.20

ಸೇತುವೆ ಇವತ್ತೂ ಮೇಲೆತ್ತಿಯೇ ಇದೆ. ರಿಪೇರಿಯಂತೆ. ಹನ್ನೊಂದರ ತನಕ ಆಚೆ ದಡಕ್ಕೆ ದಾರಿಯಿಲ್ಲ. ಕಾದು ಕೂರುವ ಜಾಯಮಾನ ನನ್ನದಲ್ಲ.

ಬಿಯರ್ ರುಚಿ ನೋಡಿ ತೀರ್ಪು ಹೇಳುವ ನನ್ನ ಮಂಗಳವಾರದ ಸುತ್ತಿನ ಮಾಮೂಲು ಕ್ರಮ: ದೀಪಸ್ತಂಭದ ಬ್ರೂವರಿ, ಹಗ್ಗದ ಕಾರ್ಖಾನೆಯದ್ದು, ಅಕ್ಕನದ್ದು, ಕಡೆಗೆ ಉಪ್ಪಿನ ಉಗ್ರಾಣ. ಉಗ್ರಾಣದಲ್ಲಿ ಮರದ ಪೀಪಾಯಿಯೊಳಗೆ ಬೇಕೆಂದೇ ಬಿಯರಿಗೆ ಹುಳಿ ಬರಿಸುತ್ತಾರೆ. “ಹುಳಿ ಮನೆ ಕೊನೆಗೆ” — ನನಗೆ ರುಚಿ ನೋಡಲು ಕಲಿಸಿದ ಗುರುಗಳ ಕಟ್ಟಳೆ, ಅಲ್ಲಿಯ ಹುಳಿ ಬೇರೆ ಟ್ಯಾಂಕಿಗೆ ಅಂಟಬಾರದು ಅಂತ. ಆದರೆ ಸೇತುವೆಯ ಈಚೆಗಿರುವುದು ಉಗ್ರಾಣ ಒಂದೇ. ಗುರುಗಳ ಕಾಲದಲ್ಲಿ ಬಿಸಿನೀರಿನ ನಲ್ಲಿ ಎಲ್ಲಿತ್ತು? ಇವತ್ತು ಇಲ್ಲಿಂದಲೇ ಶುರು.

ಸಂಜೆ 6

ಉಗ್ರಾಣದ ಏಳನೇ ಪೀಪಾಯಿ ಅದ್ಭುತ. ಗಡ್ಡದ ಯಜಮಾನನಿಗೆ ಹಾಗೆ ಹೇಳಲಿಲ್ಲ, ತಲೆ ತಿರುಗೀತು. “ಪರವಾಗಿಲ್ಲ” ಅಂದೆ. ಅಷ್ಟಕ್ಕೇ ಹಿಗ್ಗಿ ಹೀರೆಕಾಯಿಯಾದ. ಬಿಯರ್ ಹೀರಿ ತೆಗೆಯುವ ನನ್ನ ಸ್ಟೀಲ್ ನಳಿಗೆಯನ್ನು ಅಲ್ಲಿಯ ಬಿಸಿನೀರಿನಲ್ಲೇ ತೊಳೆದು, ಒರೆಸಿ, ಚೀಲಕ್ಕೆ ಹಾಕಿದೆ. ಬೇರೆಯವರ ನಳಿಗೆ ಟ್ಯಾಂಕಿಗೆ ಇಳಿಸುವವಳಲ್ಲ ನಾನು.

ಆಮೇಲೆ ಹಗ್ಗದ ಕಾರ್ಖಾನೆ. ಆಮೇಲೆ ಅಕ್ಕ. ದೀಪಸ್ತಂಭಕ್ಕೆ ಹೋಗಲು ಹೊತ್ತು ಉಳಿಯಲಿಲ್ಲ.

ಅಕ್ಕನ ಮೊದಲ ಟ್ಯಾಂಕ್, ಗೋಧಿ ಬಿಯರ್... ಏನು ಹೇಳಲಿ. ಇಪ್ಪತ್ತೆರಡು ವರ್ಷ ಬೇಕರಿಯ ಒಲೆ ಮುಂದೆ ಬೆಂದವಳು, ಐವತ್ತೆಂಟರಲ್ಲಿ ಹಳೇ ಸುಂಕದ ಕಚೇರಿ ಬಾಡಿಗೆಗೆ ಹಿಡಿದು ಬ್ರೂವರಿ ಇಟ್ಟಿದ್ದಾಳೆ. ಈ ತಿಂಗಳು ಇಪ್ಪತ್ತೊಂಬತ್ತಕ್ಕೆ ಬಾಗಿಲು ತೆರೆಯುತ್ತಾಳೆ. ಇರುವುದೇ ಒಂದು ಟ್ಯಾಂಕ್. ಅದು ಗೆದ್ದಿತು ಅಂತ ಇವತ್ತೇ ಬರೆದಿಡುತ್ತೇನೆ.

ಭಾವ ಫೆರಿ ಎಂಜಿನ್ ಮೆಕ್ಯಾನಿಕ್ ಆಗಿದ್ದವರು. ರಿಟೈರ್ ಆದ ಮೇಲೆ ಅಕ್ಕನ ಟ್ಯಾಂಕು, ಪೈಪು ತೊಳೆಯುವುದು ಅವರ ಪಾಲಿಗೆ. “ಇವಳು ಅಡುಗೆ, ನಾನು ಪಾತ್ರೆ” ಅಂತಾರೆ. ಖುಷಿಯಾಗಿದ್ದಾರೆ.

ಮಾರ್ಚ್ 11

ಸೇತುವೆ ಸರಿಹೋಗಿದೆ. ದೀಪಸ್ತಂಭದವನು ಕಹಿ ಹೆಚ್ಚು ಹಾಕಿದ್ದ, ಬೈದೆ. ಅಕ್ಕನ ಟ್ಯಾಂಕೂ ಹಗ್ಗದವನ ಟ್ಯಾಂಕೂ ತೆಗೆಸಲಿಲ್ಲ. ಹುದುಗು ಬರುವಾಗ ಪದೇ ಪದೇ ಮುಚ್ಚಳ ಎತ್ತಬಾರದು.

ಮಾರ್ಚ್ 18, ಮಧ್ಯಾಹ್ನ

ಅಕ್ಕ ಫೋನ್ ಮಾಡಿದಳು. ಉಳಿದದ್ದೆಲ್ಲ ಬಿಟ್ಟು ಓಡಿದೆ.

ಹುಳಿ. ಒಂದು ಗುಟುಕು ಸಾಕಾಯಿತು. ಮೇಲೆ ಬಿಳಿ ಪೊರೆ. ಸಾವಿರ ಲೀಟರ್.

“ಯಾಕೆ ಹೀಗಾಯ್ತು, ಹೇಳು” ಅಂದಳು. ಭಾವ ಪಕ್ಕದಲ್ಲೇ ಇದ್ದರು. ನಾನು ಮುಖ ನೋಡಿ ಮಾತಾಡುವವಳಲ್ಲ, ನಾಲಿಗೆ ಹೇಳಿದ್ದು ಹೇಳುವವಳು. ಪೈಪ್ ಸರಿಯಾಗಿ ತೊಳೆದಿಲ್ಲ ಅಂದೆ. ನೂರಕ್ಕೆ ತೊಂಬತ್ತು ಸಲ ಕಾರಣ ಅದೇ.

ಭಾವ ಮೆಲ್ಲಗೆ ಕೇಳಿದರು: “ಅವತ್ತು ರುಚಿ ನೋಡೋಕೆ ನೀನು ಯಾವ ಕಡೆಯಿಂದ ಬಂದಿದ್ದೆ?”

“ನಾನು ಯಾವ ಕಡೆಯಿಂದ ಬಂದ್ರೇನು ಭಾವ? ನಿಮ್ಮ ಪೈಪ್ ನೋಡ್ಕೊಳ್ಳಿ.”

ಅವರು ಬಗ್ಗಿ ಪೈಪಿನ ಜಾಯಿಂಟೊಂದನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಅಕ್ಕ ಅಳಲಿಲ್ಲ. ವಾಲ್ವ್ ತಿರುಗಿಸಿ ಎಲ್ಲವನ್ನೂ ಚರಂಡಿಗೆ ಬಿಟ್ಟಳು. ಮುಗಿಯಲು ನಲವತ್ತು ನಿಮಿಷ ಹಿಡಿಯಿತು. ಮೂವರೂ ನಿಂತೇ ಇದ್ದೆವು.

ಮಾರ್ಚ್ 20

ಓಪನಿಂಗ್ ಮುಂದಕ್ಕೆ ಹೋಯಿತು. ತೊಳೆಯಲು ಬೇರೆಯವನನ್ನು ಇಡುತ್ತಾಳಂತೆ ಅಕ್ಕ. ಭಾವನಿಗೆ ಎದುರೇ ಹೇಳಿದಳಂತೆ: “ನಿಮ್ಮ ಕೈಲಿ ಆಗಲ್ಲ ಬಿಡಿ.” ಅವರು ಅಂಗಿ ಹಾಕಿಕೊಂಡು ಹೊರಗೆ ಹೋದರಂತೆ.

ಕೇಳಿ ಬೇಜಾರಾಯಿತು. ಆದರೆ ಸರಿಯಾದ ನಿರ್ಧಾರವೇ.

ಮಾರ್ಚ್ 25, ಬೆಳಗ್ಗೆ 11

ಹಗ್ಗದ ಕಾರ್ಖಾನೆ. ಇಲ್ಲಿಯೂ ಹುಳಿ. ಅದೇ ಹುಳಿ, ಅದೇ ಪೊರೆ.

ಇವನು ಮೊದಲು ಆಸ್ಪತ್ರೆ ಲ್ಯಾಬಿನಲ್ಲಿದ್ದವನು. ಇವನ ನೆಲದ ಮೇಲೆ ಬಿದ್ದ ಅನ್ನ ಎತ್ತಿ ತಿನ್ನಬಹುದು. ಭಾವ ಈ ಕಡೆ ಕಾಲಿಟ್ಟವರೇ ಅಲ್ಲ. ಹಾಗಾದರೆ ಎರಡೂ ಕಡೆ ಬಂದವರು ಯಾರು?

ಅವನ ಮೆಟ್ಟಿಲ ಮೇಲೆ ಕೂತು ಈ ಪುಸ್ತಕದ ಹಾಳೆ ಹಿಂದಕ್ಕೆ ತಿರುಗಿಸಿದೆ. ನಾಲ್ಕನೇ ತಾರೀಖು. ಉಗ್ರಾಣ, ಹಗ್ಗ, ಅಕ್ಕ. ಆವತ್ತು ನಾನು ಹೋಗದ ದೀಪಸ್ತಂಭದಲ್ಲಿ ಮಾತ್ರ ಏನೂ ಕೆಟ್ಟಿಲ್ಲ. ಮಾಮೂಲು ವಾರಗಳಲ್ಲಿ ಉಗ್ರಾಣ ಮುಗಿಸಿ ಮನೆಗೆ ಹೋಗಿ ನಳಿಗೆ ಕುದಿಸುತ್ತೇನೆ; ಆವತ್ತು ನಡುವೆ ಬರೀ ನಲ್ಲಿಯ ಬಿಸಿನೀರು.

ನಳಿಗೆ ಬಿಚ್ಚಿದೆ. ತುದಿಯ ರಬ್ಬರ್ ಉಂಗುರ ತೆಗೆದೆ. ಹದಿನೇಳು ವರ್ಷದಲ್ಲಿ ತೆಗೆದದ್ದೇ ಇಲ್ಲ ಅದನ್ನು. ಕೆಳಗೆ ಕಂದು ಲೋಳೆ. ಮೂಸಿದೆ. ಅದೇ ವಾಸನೆ, ಉಗ್ರಾಣದ ಏಳನೇ ಪೀಪಾಯಿ.

ನಾನೇ.

12.30

ಹಗ್ಗದವನಿಗೆ ಅಲ್ಲೇ ಹೇಳಿದೆ. ಹತ್ತು ನಿಮಿಷ ಉಗಿದ. ಕೇಳಿಸಿಕೊಂಡೆ. “ಹೊಸ ನಳಿಗೆ ತಗೊಂಡು ಮುಂದಿನ ವಾರ ಬನ್ನಿ” ಅಂದ. ಮುಗಿಯಿತು. ನನ್ನ ನಾಲಿಗೆಯ ಮೇಲೆ ಅವನಿಗೆ ಇನ್ನೂ ನಂಬಿಕೆ. ನನಗೂ. ಕೆಟ್ಟದ್ದು ರಬ್ಬರ್ ಉಂಗುರ, ನಾಲಿಗೆಯಲ್ಲ.

ಇಲ್ಲ, ಸುಳ್ಳು. ಭಾವನ ಮುಖದ ಮೇಲೆ ಆ ಮಾತು ಹೇಳಿದ್ದು ನಾಲಿಗೆಯೇ. ನಾಚಿಕೆಯಾಗುತ್ತಿದೆ. ಸಾವಿರ ಲೀಟರ್‌ಗಿಂತ ಹೆಚ್ಚಾಗಿ ಅದಕ್ಕೆ.

ಮಾರ್ಚ್ 26, ಬುಧವಾರ. ಬೆಳಗ್ಗೆ 7.40

ಭಾವ ಫೆರಿ ಕಟ್ಟೆಯ ಮೇಲೆ ಸಿಕ್ಕರು. ಈಗ ದಿನಾ ಅಲ್ಲೇ ಕೂರುತ್ತಾರಂತೆ. ನಿಂತುಕೊಂಡೇ ಹೇಳಿಬಿಟ್ಟೆ. ಸೇತುವೆ, ಉಗ್ರಾಣ, ಉಂಗುರ, ಎಲ್ಲ.

“ಗೊತ್ತು ಕಣಮ್ಮ” ಅಂದರು.

“ಗೊತ್ತಿತ್ತಾ?!”

“ಆವತ್ತು ನೀನು ಬಂದಾಗ ನಿನ್ನ ಚೀಲ ಉಗ್ರಾಣದ ಮರದ ಪೀಪಾಯಿ ವಾಸನೆ ಹೊಡೀತಿತ್ತು. ಹುಳಿ ಬಂದ ದಿನ ಲೆಕ್ಕ ಸಿಕ್ತು. ಕೇಳ್ದೆನಲ್ಲ.”

“ಬಾಯಿಬಿಟ್ಟು ಹೇಳೋದಲ್ವಾ ಭಾವ! ಸುಮ್ನೆ ಬೈಸ್ಕೊಂಡ್ರಲ್ಲ!”

“ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ನನ್ ಮೇಲೆ ಎಷ್ಟು ದಿನ ಸಿಟ್ಟಿರ್ತಾಳೆ? ನೀನು ಅವಳ ತಂಗಿ. ಅವಳು ಈ ಕೆಲಸಕ್ಕೆ ಇಳಿದಿದ್ದೇ ನೀನಿದ್ದೀಯ ಅನ್ನೋ ಧೈರ್ಯದ ಮೇಲೆ. ಅದೂ ಹೋದ್ರೆ ಮತ್ತೆ ಬೇಕರಿಗೆ ಹೋಗ್ತಾಳೆ ಅಷ್ಟೆ.”

ಎಂಟು ದಿನವಾಯಿತು. ಜಗಳ ಮುಗಿದಿಲ್ಲ, ಅವರು ಇನ್ನೂ ಕಟ್ಟೆಯ ಮೇಲೇ ಇದ್ದಾರೆ. ಅದನ್ನೇ ಹೇಳಿದೆ.

“ಸ್ವಲ್ಪ ಜಾಸ್ತಿನೇ ಆಯ್ತು” ಅಂದು ನಕ್ಕರು.

ನನಗೆ ನಗು ಬರಲಿಲ್ಲ. ಕಣ್ಣು ತುಂಬಿತು. ತುಂಬಲಿ.

9.05

ಅಕ್ಕನ ಕೌಂಟರ್. ಒಳಗೆ ಹೊಸಬನಿಗೆ ಪೈಪ್ ತೊಳೆಯುವುದು ಕಲಿಸುತ್ತಿದ್ದಾಳೆ. ಮೂರು ಸಲ ಬಿಸಿ, ಒಂದು ಸಲ ತಣ್ಣೀರು, ಆಮೇಲೆ ಪ್ರತಿ ಜಾಯಿಂಟಿಗೂ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ ಕಿವಿಗೊಟ್ಟು ಕೇಳು ಅಂತಿದ್ದಾಳೆ. ಬೇಕರಿಯಲ್ಲಿ ಯಾರೂ ಪೈಪ್ ಕುಟ್ಟಿ ಕೇಳುವುದಿಲ್ಲ. ಅದು ಎಂಜಿನ್ ರೂಮಿನ ಚಾಳಿ. ಭಾವ ತೊಳೆಯುತ್ತಿದ್ದ ರೀತಿಯನ್ನೇ, ಚಾಚೂ ತಪ್ಪದೆ, ಹೇಳಿಕೊಡುತ್ತಿದ್ದಾಳೆ.

ಕೈ ಒರೆಸಿಕೊಳ್ಳುತ್ತಾ ಬಂದಳು. “ಏನೇ, ಬುಧವಾರ ಬಂದಿದೀಯ? ಮುಖ ಯಾಕೆ ಹಾಗಿದೆ?”

“ಕೂತ್ಕೋ ಅಕ್ಕ, ಹೇಳ್ತೀನಿ.”

ಕೂತಿದ್ದಾಳೆ. ನಾನು ಇನ್ನೂ ಬರೆಯುತ್ತಿದ್ದೇನೆ. ಹದಿನೇಳು ವರ್ಷದಲ್ಲಿ ತೀರ್ಪು ಹೇಳಲು ತಡವರಿಸಿದ್ದು ಇದೇ ಮೊದಲು.

“ಬರೆಯೋದು ಆಮೇಲೆ. ಮೊದ್ಲು ಹೇಳು” ಅನ್ನುತ್ತಿದ್ದಾಳೆ.

ಸರಿ. ಇಲ್ಲಿಂದ ಶುರು ಮಾಡುತ್ತೇನೆ: ಪೈಪ್ ಚೊಕ್ಕಟವಾಗಿಯೇ ಇತ್ತು ಅಕ್ಕ, ಭಾವನ ಕೈಯಲ್ಲಿ ಏನೂ ತಪ್ಪಿಲ್ಲ, ಅದು ನನ್ನ —